ನೆರಳಿನ ಕಾಲು ಎಲ್ಲಿದೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿರುತ್ತೇನೆ, ಬ್ಯಾಂಕಿನಲ್ಲಿ ಕೆಲಸ. ಎರಡು ವರ್ಷದಿಂದ ಭಾನುವಾರ ಬೆಳಿಗ್ಗೆ ಸ್ಕೆಚ್ ಪುಸ್ತಕ ಹಿಡಿದು ಮುಂಬೈ ಸುತ್ತುತ್ತೇನೆ. ಶಾಲೆಯಲ್ಲಿದ್ದಾಗ ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆ, ಹಾಗಾಗಿ ಪರ್ಸ್ಪೆಕ್ಟಿವ್, ಅಂದರೆ ದೂರದ್ದು ಚಿಕ್ಕದಾಗಿ ಕಾಣುವ ಹಾಗೆ ಬರೆಯುವುದು, ತಕ್ಕಮಟ್ಟಿಗೆ ಬರುತ್ತದೆ. ಹೋದ ತಿಂಗಳು ವಾಲ್ಕೇಶ್ವರದ ಬಾಣಗಂಗೆ ಪುಷ್ಕರಣಿಯ ದಡದಲ್ಲಿ ಕೂತು ದೀಪಸ್ತಂಭ, ನೀರಿಗೆ ಇಳಿಯುವ ಮೆಟ್ಟಿಲು, ಆಚೆ ದಡದ ಮನೆಗಳನ್ನು ಬರೆದೆ. ಬಿಸಿಲು ನನ್ನ ಬೆನ್ನಿಗಿತ್ತು. ಗೆರೆಗಳೆಲ್ಲ ಸರಿಯಾಗಿ ಕೂತಿದ್ದವು, ಆದರೆ ನೆರಳು ಹಾಕಿದ ಕೂಡಲೇ ಕಂಬಗಳು ಗಾಳಿಯಲ್ಲಿ ತೇಲುವ ಹಾಗೆ ಕಾಣತೊಡಗಿದವು. 'ಸೂರ್ಯನ ಕಿರಣ ಸಮಾನಾಂತರ, ನೆರಳನ್ನೂ ಸಮಾನಾಂತರವಾಗಿ ಎಳಿ' ಎಂದು ಗೆಳೆಯರು ಹೇಳುತ್ತಾರೆ. ಆರ್ಕಿಟೆಕ್ಚರ್ ಓದುವ ಅಕ್ಕನ ಮಗ '45 ಡಿಗ್ರಿ ಹಾಕು ಮಾಮ, ಮುಗೀತು' ಎನ್ನುತ್ತಾನೆ. ಫೋಟೊ ತೆಗೆದು ನೋಡಿದರೆ ನೆರಳುಗಳು ಸಮಾನಾಂತರವೂ ಅಲ್ಲ, 45ರಲ್ಲೂ ಇಲ್ಲ. ಮೆಟ್ಟಿಲ ಮೇಲೆ ನೆರಳು ಎಲ್ಲಿ ಮುರಿಯಬೇಕು ಎಂದು ಗೊತ್ತೇ ಆಗಲಿಲ್ಲ. ರಾತ್ರಿ ಬೀದಿದೀಪದ ಚಿತ್ರಕ್ಕೂ ಇದೇ ನಿಯಮವಾ?

ಉತ್ತರ: ನೀವು ಕಳಿಸಿದ ಚಿತ್ರವನ್ನು ಮೇಜಿನ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕಂಬಗಳು ಚೆನ್ನಾಗಿವೆ, ಮೆಟ್ಟಿಲ ಅಂಚುಗಳೂ ಚೆನ್ನಾಗಿವೆ. ತೇಲುವ ಹಾಗೆ ಕಾಣುವುದಕ್ಕೆ ಕಾರಣ ಒಂದೇ. ನೀವು ನೆರಳಿನ ತುದಿಯನ್ನು ಊಹಿಸಿದ್ದೀರಿ, ಬುಡವನ್ನು ಸುಮ್ನೆ ಹಾಗೇ ಬಿಟ್ಟಿದ್ದೀರಿ. ನಾನು ಫೋರ್ಟ್ ಕಡೆಯ ಆರ್ಕಿಟೆಕ್ಟ್‌ಗಳಿಗೆ ಮೂವತ್ತು ವರ್ಷ ಕೈಯಲ್ಲೇ ಕಟ್ಟಡಗಳ ಪರ್ಸ್ಪೆಕ್ಟಿವ್ ಬರೆದುಕೊಟ್ಟವನು, ಈಗ ಮಾಟುಂಗಾದಲ್ಲಿ ಭಾನುವಾರ ಒಂದಷ್ಟು ಜನಕ್ಕೆ ಕಲಿಸುತ್ತೇನೆ. ಅಲ್ಲೂ ಹತ್ತರಲ್ಲಿ ಒಂಬತ್ತು ಚಿತ್ರಗಳ ತಪ್ಪು ಇದೇ ಆಗಿರುತ್ತದೆ.

ಮೊದಲು ಒಂದು ಮಾತು. ಕನ್ನಡದಲ್ಲಿ ಎರಡು ಬೇರೆ ಸಂಗತಿಗಳಿಗೆ 'ನೆರಳು' ಎಂಬ ಒಂದೇ ಪದ ಬಳಸುತ್ತೇವೆ. ಕಂಬದ ಬಿಸಿಲು ಕಾಣದ ಮಗ್ಗುಲು ಕಪ್ಪಾಗಿರುವುದು ಒಂದು. ಆ ಕಂಬ ನೆಲದ ಮೇಲೆ ಚೆಲ್ಲುವ ಆಕಾರ ಇನ್ನೊಂದು. ಮೊದಲನೆಯದಕ್ಕೆ ನಾನು ಮೈನೆರಳು ಎನ್ನುತ್ತೇನೆ, ಎರಡನೆಯದಕ್ಕೆ ಬಿದ್ದ ನೆರಳು. ನಿಮ್ಮ ತೊಂದರೆ ಇರುವುದು ಬಿದ್ದ ನೆರಳಿನಲ್ಲಿ.

ಬಿದ್ದ ನೆರಳಿಗೆ ಬೇಕಾಗಿರುವುದು ಎರಡೇ ಗೆರೆ. ಒಂದು ಕಂಬದ ತಲೆಯನ್ನು ಮುಟ್ಟಿಕೊಂಡು ಬರುವ ಬಿಸಿಲಿನ ಗೆರೆ. ಇನ್ನೊಂದು ಕಂಬದ ಕಾಲಿನಿಂದ ಹೊರಟು ನೆಲದ ಮೇಲೆ ಓಡುವ ಗೆರೆ. ಇವೆರಡೂ ಸೇರಿದ ಕಡೆ ನೆರಳಿನ ತುದಿ. ಮೆಟ್ಟಿಲಿರಲಿ, ಗೋಡೆಯಿರಲಿ, ಬೀದಿದೀಪವಿರಲಿ, ಇದು ಬದಲಾಗುವುದಿಲ್ಲ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲೇ ಒಂದು ಘನಾಕೃತಿಯ ನೆರಳನ್ನು ಹೀಗೆ ಗೆರೆ ಎಳೆದು ತೋರಿಸಿದ್ದ. ತಲೆಯ ಗೆರೆ ಎಲ್ಲರಿಗೂ ಹೊಳೆಯುತ್ತದೆ. ಕಾಲಿನ ಗೆರೆ ಮರೆತುಹೋಗುತ್ತದೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಹಾಗಾಗಿ ನಮ್ಮನ್ನು ಮುಟ್ಟುವ ಕಿರಣಗಳು ಸಮಾನಾಂತರ ಎನ್ನುವುದು ನಿಜ. ಆದರೆ ನಿಜದಲ್ಲಿ ಸಮಾನಾಂತರವಾದದ್ದು ಕಾಗದದ ಮೇಲೆ ಹಾಗೇ ಇರಬೇಕಿಲ್ಲ ಅಲ್ವಾ? ಮೆಟ್ಟಿಲ ಅಂಚುಗಳನ್ನು ನೀವೇ ಒಂದು ಬಿಂದುವಿನ ಕಡೆಗೆ ಸೇರುವ ಹಾಗೆ ಎಳೆದಿದ್ದೀರಿ. ನೆರಳಿಗೆ ಮಾತ್ರ ಆ ನಿಯಮ ಬಿಟ್ಟಿದ್ದೀರಿ. ಮಳೆಗಾಲ ಮುಗಿಯುವ ಹೊತ್ತಿಗೆ ಮರೀನ್ ಡ್ರೈವ್‌ನಲ್ಲಿ ಸಂಜೆ ನಿಂತರೆ ಮೋಡದ ಸಂದಿಯಿಂದ ಬಿಸಿಲಿನ ಕೋಲುಗಳು ಬೀಸಣಿಗೆಯ ಹಾಗೆ ಹರಡಿರುತ್ತವೆ. ಅವೂ ಸಮಾನಾಂತರ ಕಿರಣಗಳೇ. ದೂರದಿಂದ ನಮ್ಮ ಕಡೆಗೆ ಬರುತ್ತಿರುವುದರಿಂದ ಹರಡಿದ ಹಾಗೆ ಕಾಣುತ್ತವೆ. ಈ ವಿಷಯದಲ್ಲಿ ನಿಮ್ಮ ಫೋಟೊ ನಿಜವನ್ನೇ ಹೇಳಿದೆ.

ಅಕ್ಕನ ಮಗ ಹೇಳಿದ 45 ಡಿಗ್ರಿಗೂ ಒಂದು ಜಾಗ ಇದೆ, ಅವನನ್ನು ಬೈಯಬೇಡಿ. ಕಟ್ಟಡದ ಮುಂಭಾಗವನ್ನು ಚಪ್ಪಟೆಯಾಗಿ ಬರೆಯುವ ಎಲಿವೇಶನ್ ಡ್ರಾಯಿಂಗ್‌ನಲ್ಲಿ ಬೆಳಕು ಎಡ ಭುಜದ ಮೇಲಿಂದ, ಒಂದು ಘನದ ಮೂಲೆಯಿಂದ ಎದುರು ಮೂಲೆಗೆ ಹೋಗುವ ಗೆರೆಯ ಹಾದಿಯಲ್ಲಿ ಬರುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಿರುತ್ತಾರೆ. ಆಗ ನಕ್ಷೆಯಲ್ಲೂ ಎಲಿವೇಶನ್‌ನಲ್ಲೂ ಆ ಗೆರೆ 45 ಆಗಿ ಕಾಣುತ್ತದೆ. ನಿಜವಾದ ಕಿರಣ ನೆಲದಿಂದ ಸುಮಾರು 35 ಡಿಗ್ರಿಯಲ್ಲಿರುತ್ತದೆ. ಇದರ ಲಾಭ ಏನು ಅಂದರೆ 60 ಸೆಂಟಿಮೀಟರ್ ಮುಂದೆ ಚಾಚಿದ ಛಜ್ಜಾ ಗೋಡೆಯ ಮೇಲೆ ಸರಿಯಾಗಿ 60 ಸೆಂಟಿಮೀಟರ್ ನೆರಳು ಹಾಕುತ್ತದೆ, ನೆರಳು ಅಳೆದರೆ ಛಜ್ಜಾ ಎಷ್ಟು ಚಾಚಿದೆ ಎಂದು ತಿಳಿಯುತ್ತದೆ. ಆಫೀಸಿನ ಡ್ರಾಯಿಂಗ್‌ಗೆ ಒಳ್ಳೆಯ ಪದ್ಧತಿ. ಬಾಣಗಂಗೆಯ ದಡದಲ್ಲಿ ಕೂತವರಿಗೆ ಅದರಿಂದ ಉಪಯೋಗವಿಲ್ಲ.

ಹಾಗಾದರೆ ಗೆರೆಗಳು ಎಲ್ಲಿಗೆ ಹೋಗಬೇಕು? ಸೂರ್ಯ ಎದುರಿಗೆ, ಚಿತ್ರದ ಒಳಗೇ ಇದ್ದರೆ ಸುಲಭ. ತಲೆಯ ಗೆರೆಗಳೆಲ್ಲ ಸೂರ್ಯನಿಂದಲೇ ಹೊರಡುತ್ತವೆ. ಸೂರ್ಯನಿಂದ ನೇರ ಕೆಳಗೆ ಒಂದು ಗೆರೆ ಇಳಿಸಿ. ಅದು ದಿಗಂತ ರೇಖೆಯನ್ನು ಮುಟ್ಟಿದ ಬಿಂದುವೇ ಸೂರ್ಯನ ಕಾಲು, ನೆಲದ ಗೆರೆಗಳೆಲ್ಲ ಅಲ್ಲಿಂದ ನಿಮ್ಮ ಕಡೆಗೆ ಹರಡಿಕೊಂಡು ಬರುತ್ತವೆ. ದಿಗಂತ ಅಂದರೆ ನಿಮ್ಮ ಕಣ್ಣಿನ ಮಟ್ಟ. ಮುಂಬೈನಲ್ಲಿ ಅದು ಕಟ್ಟಡಗಳ ಹಿಂದೆ ಅಡಗಿರುತ್ತದೆ. ಕಾಣುವುದಿಲ್ಲ ಅಂತ ಮನೆಗಳ ಬುಡವನ್ನೋ ದೂರದ ರಸ್ತೆಯ ಅಂಚನ್ನೋ ದಿಗಂತ ಎಂದುಕೊಂಡರೆ ಎಲ್ಲ ನೆರಳುಗಳೂ ಕೆಡುತ್ತವೆ.

ನಿಮಗೆ ಬಿಸಿಲು ಬೆನ್ನಿಗಿತ್ತು. ಇಲ್ಲೇ ಜಾಸ್ತಿ ಜನ ಕೈಬಿಡುವುದು, ಯಾಕೆಂದರೆ ಸೂರ್ಯ ಚಿತ್ರದಲ್ಲಿಲ್ಲ. ಆಗ ತಲೆಯ ಗೆರೆಗಳು ಸೇರುವ ಬಿಂದು ದಿಗಂತಕ್ಕಿಂತ ಕೆಳಗೆ ಬರುತ್ತದೆ. ಕಾಲಿನ ಗೆರೆಗಳು ಸೇರುವ ಬಿಂದು ಅದರ ನೇರ ಮೇಲೆ, ದಿಗಂತದ ಮೇಲೇ ಇರುತ್ತದೆ. ಪುಸ್ತಕದಲ್ಲಿ ಓದಿದರೆ ತಲೆ ಕೆಡುತ್ತದೆ. ಆ ಜಾಗದಲ್ಲಿ ನಿಂತು ನೋಡಿದರೆ ಒಂದು ನಿಮಿಷದ ಕೆಲಸ. ನಿಮ್ಮ ಸ್ವಂತ ನೆರಳನ್ನು ನೋಡಿ. ಅದರಲ್ಲಿ ನಿಮ್ಮ ತಲೆ ಎಲ್ಲಿ ಬಿದ್ದಿದೆ? ಆ ಜಾಗವೇ ಕೆಳಗಿನ ಬಿಂದು. ಸೂರ್ಯನಿಂದ ಹೊರಟು ನಿಮ್ಮ ಕಣ್ಣಿನ ಮೂಲಕ ಹಾದುಹೋಗುವ ಕಿರಣ ನೆಲ ಮುಟ್ಟುವುದು ಅಲ್ಲೇ ತಾನೇ? ಎಲ್ಲ ಕಿರಣಗಳೂ ಸಮಾನಾಂತರ ಆದದ್ದರಿಂದ, ನಿಮ್ಮ ಕಣ್ಣಿಗೆ ಎಲ್ಲವೂ ಆ ಬಿಂದುವಿನ ಕಡೆಗೇ ಓಡುವ ಹಾಗೆ ಕಾಣುತ್ತವೆ. ನಾನು ವಿದ್ಯಾರ್ಥಿಗಳನ್ನು ಹೊರಗೆ ಕರೆದುಕೊಂಡು ಹೋದಾಗ ಪೆನ್ಸಿಲನ್ನು ಕಣ್ಣಿನ ಮುಂದೆ ಚಾಚಿ ಹಿಡಿಯಲು ಹೇಳುತ್ತೇನೆ. ಪೆನ್ಸಿಲಿನ ಒಂದು ತುದಿ ಕಂಬದ ತಲೆಗೆ, ಇನ್ನೊಂದು ನಿಮ್ಮ ತಲೆಯ ನೆರಳಿಗೆ. ಕಂಬದ ನೆರಳಿನ ತುದಿ ಆ ಪೆನ್ಸಿಲಿನ ಹಿಂದೆ ಎಲ್ಲೋ ಅಡಗಿ ಕೂತಿರುತ್ತದೆ. ಒಮ್ಮೆ ಮಾಡಿ ನೋಡಿ, ಆಮೇಲೆ ಯಾರೂ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮನೆಯಲ್ಲಿ ಕೂತು ಬರೆಯುವಾಗ ಆ ಕೆಳಗಿನ ಬಿಂದು ಎಷ್ಟು ಕೆಳಗೆ ಬರುತ್ತದೆ? ಬಿಂದು ಎಡಕ್ಕೂ ಬಲಕ್ಕೂ ಸರಿಯದೆ ಚಿತ್ರದ ನಡುವಿನ ನೇರಕ್ಕಿದೆ, ಚಿತ್ರವನ್ನು 30 ಸೆಂಟಿಮೀಟರ್ ದೂರದಿಂದ ನೋಡುವ ಲೆಕ್ಕದಲ್ಲಿ ಬರೆದಿದ್ದೀರಿ ಎಂದುಕೊಳ್ಳಿ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದರೆ ಬಿಂದು ದಿಗಂತದಿಂದ ಸುಮಾರು 17 ಸೆಂಟಿಮೀಟರ್ ಕೆಳಗೆ. 45 ಡಿಗ್ರಿಯಾದರೆ 30 ಸೆಂಟಿಮೀಟರ್. 60 ಆದರೆ 52, ಅಂದರೆ ಕಾಗದದಿಂದ ಎಷ್ಟೋ ಆಚೆ, ಮೇಜಿನ ಮೇಲೆ. ಹಾಗಾಗಿಯೇ ಇದನ್ನು ಪುಟದೊಳಗೆ ತುರುಕಬೇಡಿ ಎನ್ನುತ್ತೇನೆ. ತುರುಕಿದರೆ ಬಿಸಿಲು ಸಂಜೆಯದಾಗಿಬಿಡುತ್ತದೆ. ದೊಡ್ಡ ಹಲಗೆಗೆ ಕಾಗದ ಅಂಟಿಸಿ, ಬಿಂದುವಿನಲ್ಲಿ ಒಂದು ಗುಂಡುಪಿನ್ನು ಚುಚ್ಚಿ, ಅದಕ್ಕೆ ಹೊಲಿಗೆ ದಾರ ಕಟ್ಟಿ ಎಳೆದು ನೋಡುತ್ತಾ ಹೋಗಿ. ಕಂಪ್ಯೂಟರ್ ಬರುವ ಮುಂಚೆ ನಾವು ಆಫೀಸಿನಲ್ಲಿ ಮಾಡುತ್ತಿದ್ದದ್ದು ಅದನ್ನೇ.

ಈಗ ಮೆಟ್ಟಿಲು. ದೀಪಸ್ತಂಭದ ಕಾಲಿನಿಂದ ನೆರಳಿನ ದಿಕ್ಕಿನಲ್ಲಿ ಒಂದು ದೊಡ್ಡ ಗಾಜಿನ ಹಲಗೆ ನೆಟ್ಟಗೆ ನಿಂತಿದೆ ಎಂದುಕೊಳ್ಳಿ. ಆ ಹಲಗೆ ಚಾಕುವಿನ ಹಾಗೆ ಮೆಟ್ಟಿಲುಗಳನ್ನು ಕತ್ತರಿಸಿಕೊಂಡು ಹೋಗುತ್ತದೆ. ಕತ್ತರಿಸಿದ ಗೆರೆಯ ಮೇಲೇ ನೆರಳು ಕೂರುತ್ತದೆ. ಮೆಟ್ಟಿಲ ಮೇಲ್ಮೈ ಚಪ್ಪಟೆ, ಆದ್ದರಿಂದ ಅಲ್ಲಿ ಗೆರೆ ದಿಗಂತದ ಮೇಲಿನ ಅದೇ ಬಿಂದುವಿಗೆ ಓಡುತ್ತದೆ. ಮೆಟ್ಟಿಲ ಎದೆ, ಅಂದರೆ ನೆಟ್ಟಗೆ ನಿಂತ ಭಾಗದಲ್ಲಿ ಗೆರೆ ನೇರ ಮೇಲೆ ಕೆಳಗೆ. ಏರುವ ಮೆಟ್ಟಿಲಾದರೆ ನೆರಳು ಹತ್ತುತ್ತಾ ಮಡಚಿಕೊಳ್ಳುವುದು ಪೂರ್ತಿ ಕಾಣುತ್ತದೆ.

ನಿಮ್ಮದು ಇಳಿಯುವ ಮೆಟ್ಟಿಲು, ಬಿಸಿಲು ಹಿಂದಿನಿಂದ. ಅಲ್ಲಿ ಎದೆಗಳೆಲ್ಲ ಬಿಸಿಲಿಗೆ ಬೆನ್ನು ಹಾಕಿವೆ, ಅವು ತಾವೇ ಮೈನೆರಳಿನಲ್ಲಿವೆ. ಮೇಲಿಂದ ನೋಡುವ ನಿಮಗೆ ಅವು ಕಾಣುವುದೂ ಇಲ್ಲ. ಹಾಗಾಗಿ ನೆರಳು ಒಂದು ಮೆಟ್ಟಿಲ ಅಂಚಿನಲ್ಲಿ ನಿಂತು, ಮುಂದಿನ ಮೆಟ್ಟಿಲಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಶುರುವಾದ ಹಾಗೆ ಕಾಣುತ್ತದೆ. ನೀವು ಅದನ್ನು ಒಂದೇ ನೇರ ಗೆರೆಯಾಗಿ ಎಳೆದಿದ್ದೀರಿ, ಅದಕ್ಕೇ ಮೆಟ್ಟಿಲುಗಳು ಇಳಿಜಾರು ಹಲಗೆಯಂತೆ ಕಂಡವು. ಸರಿ ಮಾಡುವುದು ಹೀಗೆ. ನೆರಳು ಅಂಚು ಮುಟ್ಟಿದ ಕಡೆಯಿಂದ ಒಂದು ಮೆಟ್ಟಿಲ ಎತ್ತರದಷ್ಟು, ಆ ದೂರದಲ್ಲಿ ಎತ್ತರ ಎಷ್ಟು ಕಾಣಬೇಕೋ ಅಷ್ಟು, ನೇರ ಕೆಳಗೆ ತೆಳುವಾಗಿ ಗೆರೆ ಇಳಿಸಿ. ಅಲ್ಲಿಂದ ಮತ್ತೆ ಅದೇ ಬಿಂದುವಿನ ಕಡೆಗೆ ಎಳೆಯಿರಿ. ಮೆಟ್ಟಿಲು ಮರೆಮಾಡುವ ಭಾಗ ಅಳಿಸಿ, ಉಳಿದದ್ದು ನಿಮ್ಮ ನೆರಳು. ಇದನ್ನು ಪರೀಕ್ಷೆ ಮಾಡಲು ಒಂದು ದಾರಿ ಇದೆ. ಕಂಬವನ್ನು ಕಲ್ಲಿನೊಳಗೆ ಮುಂದುವರಿಸಿ, ಆ ಮೆಟ್ಟಿಲ ಮಟ್ಟದವರೆಗೆ ಇಳಿಸಿ. ಮೆಟ್ಟಿಲ ಮೇಲಿನ ನೆರಳಿನ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಆ ಇಳಿಸಿದ ಕಾಲಿಗೇ ಬಂದು ಸೇರಬೇಕು. ಪ್ರತಿ ಮಟ್ಟಕ್ಕೂ ಕಂಬಕ್ಕೆ ಬೇರೆ ಕಾಲಿದೆ, ನಾವು ಕಾಣುವುದು ಒಂದನ್ನು ಮಾತ್ರ.

ವಾಲಿದ ತೆಂಗಿನಮರಕ್ಕೂ ಇದೇ ಉಪಾಯ. ಮರದ ಬುಡದಿಂದ ನೆಲದ ಗೆರೆ ಎಳೆದು ಅದರ ಮೇಲೆ ತುದಿ ಹುಡುಕಿದರೆ ನೆರಳು ತಪ್ಪುತ್ತದೆ. ಮರದ ತಲೆಯಿಂದ ನೇರ ಕೆಳಗೆ ತೂಕದ ಗುಂಡು ಬಿಟ್ಟ ಹಾಗೆ ಗೆರೆ ಇಳಿಸಿ, ಅದು ನೆಲ ಮುಟ್ಟಿದ ಕಡೆಯೇ ತಲೆಯ ಕಾಲು. ಅಲ್ಲಿಂದ ನೆರಳಿನ ತುದಿ ಹುಡುಕಿ, ಆಮೇಲೆ ಅದನ್ನು ಮರದ ಬುಡಕ್ಕೆ ಸೇರಿಸಿ. ದುಂಡನೆಯ ನೀರಿನ ಟ್ಯಾಂಕಿಗೆ ಅಂಚಿನ ಮೇಲೆ ಎಂಟು ಬಿಂದು ಗುರುತಿಸಿ, ಎಂಟಕ್ಕೂ ಕಾಲು ಇಳಿಸಿ. ಬೇಸರದ ಕೆಲಸವೇ, ಆದರೆ ನಾಲ್ಕೈದು ಸಲ ಮಾಡಿದ ಮೇಲೆ ಕೈಗೆ ಬರುತ್ತದೆ.

ಬೀದಿದೀಪಕ್ಕೆ ನಿಯಮ ಅದೇ, ಕಾಲಿನ ಜಾಗ ಮಾತ್ರ ಬೇರೆ. ಸೂರ್ಯನ ಕಾಲು ದಿಗಂತದ ಮೇಲೆ. ದೀಪದ ಕಾಲು ದೀಪದ ನೇರ ಕೆಳಗೆ, ನೆಲದ ಮೇಲೆ. ಕಂಬದ ಬುಡದಲ್ಲಿ ಅಲ್ಲ ಎನ್ನುವುದನ್ನು ಗಮನಿಸಿ, ಯಾಕೆಂದರೆ ನಮ್ಮ ಬೀದಿದೀಪಗಳು ರಸ್ತೆಯ ಮೇಲೆ ಕೈ ಚಾಚಿರುತ್ತವೆ. ಇಲ್ಲಿ ನೆರಳುಗಳು ನಿಜವಾಗಿಯೂ ಹರಡುತ್ತವೆ, ಉದ್ದವೂ ಬದಲಾಗುತ್ತದೆ. 6 ಮೀಟರ್ ಎತ್ತರದ ದೀಪ, ಅದರ ಕಾಲಿನಿಂದ 3 ಮೀಟರ್ ದೂರದಲ್ಲಿ 1.7 ಮೀಟರ್ ಎತ್ತರದ ಮನುಷ್ಯ ನಿಂತರೆ ನೆರಳು ಸುಮಾರು 1.2 ಮೀಟರ್. ಅವನು 6 ಮೀಟರ್ ದೂರಕ್ಕೆ ಹೋದರೆ ನೆರಳೂ ಎರಡರಷ್ಟು. ಮನೆಯೊಳಗೆ ಮೇಜಿನ ಮೇಲಿನ ಲೋಟಕ್ಕೆ ನೆರಳು ಹಾಕುವಾಗ ದೀಪದ ಕಾಲನ್ನು ನೆಲದಿಂದ ಮೇಜಿನ ಮಟ್ಟಕ್ಕೆ ಎತ್ತಬೇಕು, ಮೆಟ್ಟಿಲಿನಲ್ಲಿ ಇಳಿಸಿದ ಹಾಗೆಯೇ. ಟ್ಯೂಬ್‌ಲೈಟ್ ಇದ್ದರೆ ಒಂದು ಸಣ್ಣ ಪ್ರಯೋಗ ಮಾಡಿ. ಕಾಗದದಿಂದ ಸ್ವಲ್ಪ ಮೇಲೆ ಪೆನ್ಸಿಲನ್ನು ಟ್ಯೂಬಿಗೆ ಸಮಾನಾಂತರವಾಗಿ ಹಿಡಿಯಿರಿ, ನೆರಳು ಗೆರೆ ಕೊಯ್ದ ಹಾಗೆ ಕಾಣುತ್ತದೆ. ಅಡ್ಡ ತಿರುಗಿಸಿ, ಹೆಚ್ಚುಕಡಿಮೆ ಮಾಯವಾಗುತ್ತದೆ. ಬೆಳಕಿನ ಆಕಾರವೇ ಅಂಚಿನ ಮೃದುತನ ತೀರ್ಮಾನಿಸುತ್ತದೆ.

ಸೂರ್ಯನೂ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ. ಅದರಿಂದಾಗಿ ನೆರಳು ಬೀಳಿಸುವ ಅಂಚಿನಿಂದ ನೆರಳಿಗೆ ಇರುವ ಪ್ರತಿ ಮೀಟರ್ ದೂರಕ್ಕೆ ನೆರಳಿನ ಅಂಚು ಹತ್ತಿರ ಹತ್ತಿರ 1 ಸೆಂಟಿಮೀಟರ್ ಮಸುಕಾಗುತ್ತದೆ. ಫೋರ್ಟ್‌ನ ಗಡಿಯಾರ ಗೋಪುರ ರಾಜಾಬಾಯಿ ಟವರ್ ಸುಮಾರು 85 ಮೀಟರ್ ಎತ್ತರ. ಬೆಳಿಗ್ಗೆ ಅದರ ನೆರಳು ಓವಲ್ ಮೈದಾನದ ಕಡೆಗೆ ಬೀಳುತ್ತದೆ. ಬಿಸಿಲು 45 ಡಿಗ್ರಿಯಲ್ಲಿದ್ದಾಗ ಆ ನೆರಳಿನ ತುದಿಯಲ್ಲಿ ಮಸುಕು ಒಂದು ಮೀಟರಿಗೂ ಜಾಸ್ತಿ. ಬುಡದಲ್ಲಿ ಮಾತ್ರ ಕತ್ತಿಯ ಅಲಗಿನಂತೆ ಚೂಪು. ನೀವು ನೆರಳಿಗೆ ಸುತ್ತಲೂ ಒಂದೇ ಗಟ್ಟಿ ಗೆರೆ ಹಾಕಿದ್ದೀರಿ. ಬುಡದಲ್ಲಿ ಚೂಪಾಗಿ, ತುದಿಯಲ್ಲಿ ಮೆತ್ತಗೆ ಮಾಡಿ. ಬಣ್ಣ ಹಾಕುವುದಾದರೆ ಬರೀ ಕಪ್ಪು ಬೇಡ. ಬಿಸಿಲು ಮುಟ್ಟದ ನೆಲವನ್ನು ಆಕಾಶದ ಬೆಳಕು ಮುಟ್ಟುತ್ತದೆ, ಒಳಗೆ ಸ್ವಲ್ಪ ನೀಲಿ ಇರಲಿ.

ಇನ್ನು, ಈ ಎಲ್ಲವನ್ನೂ ಪ್ರತಿ ಸಲ ಎಳೆಯಬೇಕಾ? ಬೇಡ. ಹೊರಗೆ ಕೂತು ಬರೆಯುವವರಿಗೆ ನಾನು ಹೇಳುವುದು ಒಂದು ನೆರಳನ್ನು ನೋಡಿ ಸರಿಯಾಗಿ ಬರೆಯಿರಿ, ಉಳಿದದ್ದನ್ನು ಅದರಿಂದ ಕಟ್ಟಿ. ಒಂದು ಕಂಬದ ನೆರಳನ್ನು ದಿಗಂತದವರೆಗೆ ಮುಂದುವರಿಸಿದರೆ ಮೇಲಿನ ಬಿಂದು ಸಿಗುತ್ತದೆ. ಅಲ್ಲಿಂದ ನೇರ ಗೆರೆ ಇಳಿಸಿ, ಕಂಬದ ತಲೆ ಮತ್ತು ನೆರಳಿನ ತುದಿ ಸೇರಿಸಿ ಎಳೆದರೆ ಕೆಳಗಿನ ಬಿಂದು. ಆಮೇಲೆ ಚಿತ್ರದ ಯಾವ ವಸ್ತುವಿಗೂ ನೆರಳು ಹಾಕಬಹುದು. ಇದರ ಅಪಾಯ ಒಂದೇ, ಮೊದಲ ನೆರಳು ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಇನ್ನೊಂದು, ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಹಾಗಾಗಿ ಕೂತ ಮೊದಲ ಐದು ನಿಮಿಷದಲ್ಲೇ ನೆರಳಿನ ತುದಿಗಳಿಗೆ ಚುಕ್ಕೆ ಇಟ್ಟು ಸಮಯ ಬರೆದುಕೊಳ್ಳಿ. ಆಮೇಲೆ ನೆರಳು ಎಷ್ಟೇ ಚೆಂದ ಕಂಡರೂ ಬದಲಾಯಿಸಬೇಡಿ.

ಬಿಸಿಲು ಸರಿಯಾಗಿ ಪಕ್ಕದಿಂದ ಬರುತ್ತಿದೆ ಎಂದುಕೊಳ್ಳುವುದು ಇನ್ನೂ ಸುಲಭ. ಆಗ ಕಾಲಿನ ಗೆರೆಗಳು ಕಾಗದದ ಮೇಲೆ ಅಡ್ಡಡ್ಡ, ತಲೆಯ ಗೆರೆಗಳು ನಿಜಕ್ಕೂ ಸಮಾನಾಂತರ. ನಿಮ್ಮ ಗೆಳೆಯರ ಮಾತು ಹೊಂದುವುದು ಇಲ್ಲಿ ಮಾತ್ರ. ನಾಟಕದ ಬೆಳಕಿನಂತೆ ಕಾಣುವ ಅಪಾಯ ಇದೆ. ಫೋಟೊ ನೋಡಿ ಬರೆಯುವುದೂ ತಪ್ಪಲ್ಲ, ಆದರೆ ಮೊಬೈಲ್ ಲೆನ್ಸ್ ಬಹಳ ಅಗಲ ನೋಡುತ್ತದೆ, ಅಂಚಿನಲ್ಲಿರುವ ನೆರಳುಗಳು ಎಳೆದ ಹಾಗೆ ಕಾಣುತ್ತವೆ. ಹತ್ತು ಗಂಟೆಗೆ ಬರೆದ ಕಟ್ಟಡಕ್ಕೆ ಹನ್ನೆರಡರ ಫೋಟೊ ನೋಡಿ ನೆರಳು ಹಾಕಬೇಡಿ.

ಸ್ಕೆಚ್‌ಅಪ್‌ನಂಥ ಸಾಫ್ಟ್‌ವೇರ್ ದಿನ, ಸಮಯ ಕೊಟ್ಟರೆ ನೆರಳು ತೋರಿಸುತ್ತದೆ. ಆದರೆ ಊರು ಮತ್ತು ಉತ್ತರ ದಿಕ್ಕು ತಪ್ಪಿದರೆ ತಪ್ಪು ನೆರಳನ್ನೇ ಅಚ್ಚುಕಟ್ಟಾಗಿ ತೋರಿಸುತ್ತದೆ. ಹಲವು ವರ್ಷದ ಹಿಂದೆ ಒಬ್ಬ ಬಿಲ್ಡರ್‌ಗೆ ನಾನು ಬರೆದುಕೊಟ್ಟ ಚಿತ್ರದಲ್ಲಿ ಉತ್ತರ ಮುಖದ ಬಾಲ್ಕನಿಗಳ ಮೇಲೆ ಡಿಸೆಂಬರ್ ಮಧ್ಯಾಹ್ನದ ಬಿಸಿಲು ಚೆಲ್ಲಿತ್ತು. ಅವರ ಕಚೇರಿ ಕೊಟ್ಟ ನಕ್ಷೆಯಲ್ಲಿ ಉತ್ತರದ ಬಾಣ ತಿರುಗಿತ್ತು, ನಾನು ಕೇಳಲಿಲ್ಲ. ಮನೆ ನೋಡಲು ಬಂದ ವಯಸ್ಸಾದ ಹೆಂಗಸೊಬ್ಬರು ಚಿತ್ರ ತೋರಿಸಿ 'ಇಲ್ಲಿ ಚಳಿಗಾಲದಲ್ಲಿ ಬಿಸಿಲು ಬರುತ್ತದಾ?' ಎಂದು ಕೇಳಿದರು. ಬರುವುದಿಲ್ಲ. ಆವತ್ತಿನಿಂದ ದಿಕ್ಕು ಖಚಿತವಾಗದೆ ನಾನು ನೆರಳು ಮುಟ್ಟುವುದಿಲ್ಲ.

ಮುಂಬೈ ಬಿಸಿಲಿನ ಲೆಕ್ಕ ಇಷ್ಟು ಗೊತ್ತಿರಲಿ. ನಾವು ಸುಮಾರು 19 ಡಿಗ್ರಿ ಉತ್ತರದಲ್ಲಿದ್ದೇವೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ, 47 ಡಿಗ್ರಿ ಎತ್ತರದಲ್ಲಿರುತ್ತಾನೆ, 1 ಮೀಟರ್ ಕೋಲಿಗೆ ಸುಮಾರು 90 ಸೆಂಟಿಮೀಟರ್ ನೆರಳು. ಮೇ 15ರ ಆಸುಪಾಸಿನಲ್ಲಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಜುಲೈ ಕೊನೆಯ ವಾರದಲ್ಲಿ ಇದು ಮತ್ತೊಮ್ಮೆ ಆಗುತ್ತದೆ, ಮೋಡ ಬಿಟ್ಟರೆ ನೋಡಬಹುದು. ಈ ಎರಡರ ನಡುವಿನ ದಿನಗಳಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅಂದಹಾಗೆ ಇಲ್ಲಿ ನಡುಮಧ್ಯಾಹ್ನ ಅಂದರೆ ಗಡಿಯಾರದ 12 ಅಲ್ಲ, ಸರಾಸರಿ 12:39.

ನಿಮ್ಮ ಚಿತ್ರವನ್ನು ಹರಿದುಹಾಕುವ ಅಗತ್ಯ ಇಲ್ಲ. ಎಡಗಡೆಯ ದೀಪಸ್ತಂಭದ ನೆರಳು ಕಟ್ಟೆಯ ಮೇಲೆ ಇರುವಷ್ಟು ಭಾಗ ಸರಿಯಾಗಿದೆ, ಅದನ್ನು ನೀವು ನೋಡಿ ಬರೆದಿರಬೇಕು. ಅದನ್ನು ದಿಗಂತದವರೆಗೆ ಎಳೆಯಿರಿ. ನಾನು ಸ್ಕೇಲ್ ಇಟ್ಟು ನೋಡಿದೆ, ಬಿಂದು ಪುಟದ ಬಲ ಅಂಚಿನಿಂದ ನಾಲ್ಕು ಬೆರಳು ಆಚೆ ಬರುತ್ತದೆ. ಬಲಗಡೆಯ ಕಂಬದ ನೆರಳನ್ನು ಅಳಿಸಿ, ಅದರ ಕಾಲಿನಿಂದ ಆ ಬಿಂದುವಿಗೆ ಹೊಸ ಗೆರೆ ಹಾಕಿ. ಅದು ಎಡಗಡೆಯದಕ್ಕಿಂತ ಜಾಸ್ತಿ ಎದ್ದು ನಿಂತ ಹಾಗೆ ಕಾಣುತ್ತದೆ, ಹೆದರಬೇಡಿ. ನೀರಿನ ತನಕದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಸುತ್ತಾ ಹೋಗಿ. ಮೊದಲ ಮೂರು ಮೆಟ್ಟಿಲು ಆದ ಮೇಲೆ ಒಂದು ಫೋಟೊ ಕಳಿಸಿ, ನೋಡುತ್ತೇನೆ.